ಎತ್ತುಗಳಿಗೆ ತಿಳಿಯುವ ಫಲಕ

ಆ ಚಳಿಗಾಲದಲ್ಲಿ ನಾನು ರಸ್ತೆ ಮೇಸ್ತ್ರಿಯಾಗಿದ್ದೆ. ಅಫಜಲಪುರದ ಕಡೆಯಿಂದ ಆಳಂದಕ್ಕೆ ಹೋಗುವ ಹಾದಿಯಲ್ಲಿ, ಮಳೆಗೆ ಕುಸಿದಿದ್ದ ಒಂದು ಮೋರಿಯನ್ನು ಅಗೆದು ಮತ್ತೆ ಕಟ್ಟುವ ಕೆಲಸ. ಆಳುದ್ದದ ಗುಂಡಿ. ಅದರೊಳಗೆ ಬುಟ್ಟಿಗೆ ಮಣ್ಣು ತುಂಬುವವರು ಕರಜಗಿಯ ಮೂವರು ಹೆಂಗಸರು, ಅವರಲ್ಲೊಬ್ಬಳು ಮುದುಕಿ. ಬಂಡಿಗಳಿಗೆಂದು ಹೊಲದಂಚಿನಲ್ಲಿ ಬಳಸುದಾರಿ ಮಾಡಿದ್ದೆವು.

ಓವರ್‌ಸಿಯರ್ ಸಾಹೇಬರ ಅಪ್ಪಣೆ ಸ್ಪಷ್ಟವಿತ್ತು: ಗುಂಡಿಯ ಎರಡೂ ಕಡೆ ನೂರು ಹೆಜ್ಜೆ ದೂರದಲ್ಲಿ ಒಂದು ಕೆಂಪು ಬಾವುಟ, ಒಂದು ಉರ್ದು ಫಲಕ. ನಾನು ಎರಡು ಸಲ ಹೆಜ್ಜೆ ಎಣಿಸಿ ನೆಟ್ಟೆ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಾವುಟದ ಸುಕ್ಕು ಬಿಡಿಸಿ, ಫಲಕದ ಧೂಳು ಒರೆಸುತ್ತಿದ್ದೆ. ಸಂಸ್ಥಾನ ಯಾರ ಕಡೆ ಸೇರಬೇಕೆಂಬ ಗಲಾಟೆಯ ಆ ವರ್ಷ, ಕೋಲಿಗೆ ಯಾವ ಬಟ್ಟೆ ಕಟ್ಟಿದರೂ ಇದು ಯಾರ ಕಡೆಯ ಬಾವುಟ ಎಂದು ಜನ ಕೇಳುತ್ತಿದ್ದರು. ಗುಂಡಿಯ ಕಡೆಯದು ಎಂದು ಹೇಳುತ್ತಿದ್ದೆ.

ಆಳಂದದ ಪೇಟೆಗೆ ಹೋಗುವ ತೊಗರಿ ಬಂಡಿಗಳ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ಅಪ್ಪಣೆಯಲ್ಲಿ ಇರಲಿಲ್ಲ, ಅಷ್ಟೆ. ಕೋಳಿ ಕೂಗಿದಾಗ ಹೊರಟ ಬಂಡಿಗಳು ಸಾಲಾಗಿ ಬರುತ್ತಿದ್ದವು. ದಾರಿ ಎತ್ತುಗಳಿಗೆ ಬಾಯಿಪಾಠ, ಬಂಡಿಯವರಿಗೆ ಚೀಲಗಳ ಮೇಲೆ ಕಂಬಳಿ ಹೊದ್ದು ನಿದ್ದೆ. ಮುಂದಿನ ಬಂಡಿಯವನೊಬ್ಬ ಎಚ್ಚರವಿರಬೇಕೆಂಬುದು ಅವರ ಕಟ್ಟಳೆ. ಒಂದು ಬೆಳಿಗ್ಗೆ ಅವನೂ ಮಲಗಿಬಿಟ್ಟ. ಎತ್ತುಗಳು ನನ್ನ ಬಾವುಟ ದಾಟಿ, ಫಲಕ ಕೆಡವಿ ತುಳಿದು, ಗುಂಡಿಯ ಅಂಚಿಗೆ ಬಂದು ತಾವಾಗಿಯೇ ನಿಂತವು. ಕಾಲಡಿಯ ಮಣ್ಣು ಜಾರಿ ಕೆಳಗಿದ್ದ ಮುದುಕಿಯ ಮೇಲೆ ಬಿತ್ತು. ಎತ್ತಿನ ಮೂತಿ ಅವಳ ನೆತ್ತಿಗಿಂತ ಒಂದು ಮೊಳ ಮೇಲಿತ್ತು. ಬಂಡಿಯವನು ಕಂಬಳಿಯಿಂದ ಮುಖ ಹೊರಹಾಕಿ ಕೇಳಿದ:

"ಆಳಂದ ಬಂತೇನ್ರಿ?"

ಮುದುಕಿ ಮೇಲೆ ಹತ್ತಿ ಬಂದು, ಸೆರಗು ಝಾಡಿಸಿ, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತಳು. ಇನ್ನು ಇಳಿಯುವುದಿಲ್ಲ ಎಂದಳು. ಉಳಿದಿಬ್ಬರೂ ಕುಳಿತರು. ಬಾವುಟ ನೂರು ಹೆಜ್ಜೆಗೇ ಇದೆ, ಬೇಕಾದರೆ ಮತ್ತೆ ಎಣಿಸುತ್ತೇನೆ ಎಂದು ನಾನು ವಾದಿಸಿದೆ. ಮುದುಕಿ ಅಂದಳು:

"ಓದಾವ ಮಕ್ಕೊಂಡಾನ್ರಿ ಮೇಸ್ತ್ರಿ, ಎಳಿಯೂ ಎತ್ತಿಗೆ ಓದಾಕ ಬರಂಗಿಲ್ಲ. ನಿಮ್ಮ ಹಲಗಿ ಯಾರಿಗ್ರಿ? ಎತ್ತಿಗೆ ತಿಳಿಯೂ ಹಂಗ ಹಾಕ್ರಿ."

ಬಳಸುದಾರಿ ಕವಲೊಡೆಯುವಲ್ಲಿ ಕಣಿಕಿ ಹಾಸಬೇಕು ಎಂಬುದು ಅವಳ ಮಾತು. ಜೋಳದ ಒಣದಂಟಿನ ವಾಸನೆಗೆ ತಿರುಗದ ಎತ್ತು ನಮ್ಮ ಸೀಮೆಯಲ್ಲಿಲ್ಲ. ಕಣಿಕಿ ಅಪ್ಪಣೆಯಲ್ಲಿಲ್ಲ ಎಂದೆ. ಎತ್ತಿಗಿದ್ದಷ್ಟಾದರೂ ಬುದ್ಧಿ ಇಟ್ಟುಕೊಳ್ಳಿ ಎಂದು ಅವಳು ಬಹಳ ಮರ್ಯಾದೆಯಿಂದ ಹೇಳಿದಳು.

ಮಧ್ಯಾಹ್ನ ಕಣಿಕಿ ತರಿಸಿದೆ. ಮರುದಿನ ಮೊದಲ ಜೋಡಿ ಮೂಗೆತ್ತಿ ತಿರುಗಿತು, ಹಿಂದಿನವೂ ತಿರುಗಿದವು, ಒಬ್ಬ ಬಂಡಿಯವನೂ ಏಳಲಿಲ್ಲ. ತೊಂದರೆಯೆಂದರೆ ಎಂಟು ಬಂಡಿಗಳ ಎತ್ತುಗಳೂ ಅಲ್ಲೇ ನಿಂತು ಮೇಯತೊಡಗಿದವು. ಬಾಲ ತಿರುಚಿ ಹೊರಡಿಸುವುದೂ ನನ್ನ ಕೆಲಸವಾಯಿತು.

ಮುದುಕಿ ಆಗಲೂ ಇಳಿಯಲಿಲ್ಲ. ಎತ್ತಿನ ಮಾತು ಸರಿ, ಟಾಂಗಾದ ಕುದುರೆ ಬಂದರೆ ಏನು ಗತಿ ಎಂದಳು. ಒಂಬತ್ತಕ್ಕೆ ಸಾಹೇಬರೇ ಟಾಂಗಾದಲ್ಲಿ ತಪಾಸಣೆಗೆ ಬಂದರು. ಅವರು ಏನನ್ನೋ ವಿವರಿಸುತ್ತಿದ್ದರು, ಟಾಂಗಾದವನು ಹಿಂದೆ ತಿರುಗಿ ಹೌದೌದು ಎನ್ನುತ್ತಿದ್ದ. ಇಬ್ಬರೂ ಬಾವುಟ ನೋಡಲಿಲ್ಲ. ಕುದುರೆ ಕಣಿಕಿ ನೋಡಿತು, ತಿರುಗಿತು, ಬಾಯಿ ಹಾಕಿತು. ಸಾಹೇಬರು ಇಳಿದು, ಬಾವುಟ ನೆಟ್ಟಗಿದೆಯೆಂದು ಮೆಚ್ಚಿ ಹೊರಟರು.

ಟಾಂಗಾ ಮರೆಯಾಗುವ ಮೊದಲೇ ಮುದುಕಿ ಸೆರಗು ಸಿಗಿಸಿಕೊಂಡು, ಬುಟ್ಟಿ ಹಿಡಿದು ಗುಂಡಿಗಿಳಿದಳು. ಮೋರಿ ಮುಗಿಯುವವರೆಗೂ ಆರಕ್ಕೆ ಬಾವುಟ, ಆರೂಕಾಲಿಗೆ ಕಣಿಕಿ.