ಮುಗ್ಗಿದ ಮನೆಗೆ ಮೊದಲು ಕಾಲಿಡುವವಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಖಾಲಿ ಮನೆಯ ಮುಂದೆ ನಿಂತ ಆಕೆ ಬೀಗ ತೆರೆಯುವ ಮುನ್ನ ಚೆನ್ನಾಗಿ ಮೂಗು ಸೀಟಿ ಒರೆಸಿಕೊಳ್ಳುತ್ತಾರೆ. ಮುಖಕ್ಕೆ ಸೋಪು ಸೋಕಿಸಿಲ್ಲ, ಬಾಯಿಗೆ ಟೀ ಬಿಟ್ಟುಕೊಂಡಿಲ್ಲ. ನಿನ್ನೆ ಸಂಜೆಯೇ ಬಂದು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಹೋಗಿದ್ದಾರೆ. ಈಗ ಬಾಗಿಲು ತಳ್ಳಿ, ಹೊಸ್ತಿಲ ಮೇಲೆ ನಿಂತು, ಕಣ್ಣು ಮುಚ್ಚಿ ಒಂದೇ ಒಂದು ಸಲ ದೀರ್ಘವಾಗಿ ಉಸಿರೆಳೆಯುತ್ತಾರೆ.

“ಮೊದಲ್ನೇ ಉಸಿರು ಮಾತ್ರ ನಿಜ ಹೇಳೋದು. ಎರಡನೇದಕ್ಕೆ ಮೂಗು ರಾಜಿ ಮಾಡ್ಕೊಂಡ್ಬಿಡುತ್ತೆ. ಮೂರನೇದಕ್ಕೆ, ಎಲ್ಲಿ ವಾಸನೆ, ಏನೂ ಇಲ್ವಲ್ಲ ಅನ್ನುತ್ತೆ,” ಎನ್ನುತ್ತಾ ಚಪ್ಪಲಿ ಬಿಟ್ಟು ಒಳಗೆ ನಡೆಯುತ್ತಾರೆ.

ಬಾಡಿಗೆದಾರರು ಬಿಟ್ಟುಹೋದ ಮನೆಗಳ ಮುಗ್ಗಲು ವಾಸನೆ ತೆಗೆಯುವುದು ಇವರ ಕಸುಬು. ಈ ಬೀದಿಯ ನಾಲ್ಕು ಕಟ್ಟಡಗಳ ಕಾವಲುಗಾರರೆಲ್ಲ ಇವರನ್ನು ಕರೆಯುವುದು ‘ವಾಸನೆ ಅಕ್ಕ’ ಎಂದು. “ವಾಸನೆ ಮಾಡೋರಿಗೆ ಒಳ್ಳೊಳ್ಳೆ ಹೆಸರಿರುತ್ತೆ, ತೆಗೆಯೋಳಿಗೆ ಮಾತ್ರ ವಾಸನೆ ಅಂತಾನೇ ಹೆಸರು. ಕಸ ಎಸೆಯೋರು ಸಾಹೇಬರು, ಎತ್ತೋರು ಕಸದವರು, ಹಾಗೆ,” ಎಂದು ನಗುತ್ತಾರೆ. ಅವರಿಗೆ ನಗು ಬರುತ್ತದೆ, ಕೇಳಿದವರಿಗೆ ಮೈ ಉರಿಯುತ್ತದೆ.

ಕೆಲಸ ನೋಡಿದರೆ ಸಲೀಸು ಅನ್ನಿಸಬಹುದು. ಮಾಡಿದವರಿಗೇ ಗೊತ್ತು ಅದರ ಪಾಡು. ಕಪಾಟುಗಳಲ್ಲಿ ಹಾಸಿದ ಹಳೇ ಕಾಗದವನ್ನೆಲ್ಲ ಕಿತ್ತು ತೆಗೆಯಬೇಕು. ಡ್ರಾಯರುಗಳನ್ನು ಒಂದೊಂದಾಗಿ ಎಳೆದು ಮಹಡಿಯ ಬಿಸಿಲಿಗೆ ಹೊರಬೇಕು. ತಿಂಗಳುಗಟ್ಟಲೆ ನೀರು ಕಾಣದೆ ಒಣಗಿದ ಬಚ್ಚಲ ಕೊಳವೆಗೆ ನೀರು ಹೊಯ್ದರೆ ಅರ್ಧ ನಾತ ಅಲ್ಲೇ ಅಡಗುತ್ತದೆ. ಬೂಷ್ಟು ಹಿಡಿದ ಮರವನ್ನು ವಿನೆಗರ್ ಹಾಕಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಬಿಟ್ಟು, ಮೂಲೆಮೂಲೆಗೆ ಬಟ್ಟಲಲ್ಲಿ ಅಡುಗೆ ಸೋಡಾ ಇಡುತ್ತಾರೆ. ದಿನಕ್ಕೊಂದು ಮನೆ, ಮಳೆಗಾಲದಲ್ಲಿ ಎರಡು. ಸೊಂಟ ಬಿದ್ದುಹೋಗುತ್ತದೆ, ಬೆರಳ ಸಂದಿಗಳು ಸುಲಿದುಹೋಗುತ್ತವೆ.

ಇಷ್ಟೆಲ್ಲ ಮಾಡಿ, ಮನೆ ನೋಡುವವರು ಬರುವ ಹೊತ್ತಿಗೆ ಇವರು ಹಿಂದಿನ ಮೆಟ್ಟಿಲಿಳಿದು ಮಾಯವಾಗಿರಬೇಕು! ಏಜೆಂಟನ ಕಟ್ಟಪ್ಪಣೆ ಅದು. ಬಕೆಟ್ಟು ಹಿಡಿದ ಈ ಹೆಂಗಸನ್ನು ಕಂಡರೆ, ಮನೆಯಲ್ಲಿ ವಾಸನೆ ಇತ್ತೆಂಬ ಗುಟ್ಟು ಬಂದವರಿಗೆ ಗೊತ್ತಾಗಿಬಿಡುತ್ತದಲ್ಲ! ಬಣ್ಣ ಬಳಿದವನು ಮುಂಬಾಗಿಲಲ್ಲಿ ನಿಂತು ಮೀಸೆ ತಿರುವಬಹುದು. ನಲ್ಲಿ ರಿಪೇರಿಯವನಿಗೆ ಕುರ್ಚಿ ಸಿಗುತ್ತದೆ. ಇವರ ಕೆಲಸ ಮಾತ್ರ ಚೆನ್ನಾಗಿ ಆಯಿತೆಂದರೆ, ಇವರು ಬಂದೇ ಇರಲಿಲ್ಲ ಎಂದು ಅರ್ಥ. ಇದೆಂಥ ನ್ಯಾಯವೋ, ಕಟ್ಟಡದ ಮಾಲೀಕರೇ ಹೇಳಬೇಕು.

ಇವತ್ತು ಮಲಗುವ ಕೋಣೆಯ ಮರದ ಬೀರುವಿನ ಹತ್ತಿರ ಬಂದವರು ಅಲ್ಲೇ ನಿಲ್ಲುತ್ತಾರೆ. ಅದರ ಕಾಲುಗಳ ಕೆಳಗೆ ಬಟ್ಟೆ ತುರುಕಿ, ಭುಜ ಕೊಟ್ಟು ಬೀರುವನ್ನು ಸರಿಸುತ್ತಾರೆ. ಹಿಂದಿನ ಗೋಡೆ ಆಳೆತ್ತರಕ್ಕೆ ಕಪ್ಪಗಾಗಿದೆ. ಹೊಸ ಬಣ್ಣ ಬೊಬ್ಬೆಯೆದ್ದಿದೆ, ಬೆರಳಿಟ್ಟರೆ ಗಾರೆ ಒದ್ದೆ ಹಿಟ್ಟಿನಂತೆ ಉದುರುತ್ತದೆ. ಆಚೆ ಬದಿಯ ಸ್ನಾನದ ಮನೆಯ ಪೈಪು ಗೋಡೆಯೊಳಗೇ ಸೋರುತ್ತಿದೆ. ಇದನ್ನು ಉಜ್ಜಿ ತೆಗೆಯಲಾಗುವುದಿಲ್ಲ, ಗೋಡೆ ಒಡೆದು ಪೈಪು ಬದಲಿಸಬೇಕು.

ಏಜೆಂಟನಿಗೆ ಇದು ಗೊತ್ತಿಲ್ಲವೆಂದಲ್ಲ. ಬೀರುವನ್ನು ಅಲ್ಲಿಗೆ ತಳ್ಳಿಸಿದವನೇ ಆತ.

“ನೋಡಮ್ಮಾ, ಹತ್ತು ಗಂಟೆಗೆ ಪಾರ್ಟಿ ಬರ್ತಾರೆ,” ಎಂದು, ಗೋಡೆಯ ವಿಷಯ ಹೇಳಲು ಫೋನು ಮಾಡಿದ ಆಕೆಯನ್ನೇ ಗದರುತ್ತಾನೆ. “ಬೀರು ಅದರ ಜಾಗಕ್ಕೆ ತಳ್ಳು. ನಿಂಬೆಹಣ್ಣಿನ ಸ್ಪ್ರೇ ಅಡುಗೆಮನೇಲಿಟ್ಟಿದೀನಿ. ಧಾರಾಳವಾಗಿ ಹೊಡಿ.”

“ಸ್ಪ್ರೇ ಎರಡು ದಿನ ಬರುತ್ತೆ ಸಾರ್. ಆಮೇಲೆ?”

“ಆಮೇಲಿಂದು ಅವರಾಯ್ತು, ಅವರ ಮನೆಯಾಯ್ತು. ಒಳಗೆ ಬಟ್ಟೆ ಒಣಗಿಸ್ತೀರಿ, ಅದಕ್ಕೇ ಬೂಷ್ಟು ಅಂದ್ರಾಯ್ತು. ಕೇಳೋಕೆ ಸಣ್ಣ ಮಗು ಇರೋರಿಗೆ ಟೈಮೆಲ್ಲಿರುತ್ತೆ?”

ಆ ಮಾತಿಗೆ ಆಕೆ ಫೋನು ಇಟ್ಟುಬಿಡುತ್ತಾರೆ. ಏಕೆಂದರೆ ಇದೇ ಮಾತನ್ನು ಅವರು ಹಿಂದೊಮ್ಮೆ ಸ್ವಂತ ಕಿವಿಯಲ್ಲಿ ಕೇಳಿದ್ದರು.

ಆಗ ಮಗಳಿಗೆ ಐದು ವರ್ಷ. ನೆಲಮಹಡಿಯ ಹಿಂಬದಿಯ ಒಂಟಿಕೋಣೆಯಲ್ಲಿ ಇವರ ವಾಸ. ಮಲಗಿದರೆ ಸಾಕು, ಹುಡುಗಿಯ ಎದೆ ಸಿಳ್ಳೆ ಹಾಕುತ್ತಿತ್ತು. ಡಾಕ್ಟರು ಧೂಳು ಅಂದರು, ಅತ್ತೆ ಐಸ್‌ಕ್ರೀಮು ಅಂದರು. ಒಂದು ದಿನ ತಂಗಿ ಬಂದವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು. “ಏನಕ್ಕಾ ಇದು, ಮನೆಯೆಲ್ಲ ಮುಗ್ಗಿದೆ! ಊರೋರ ಮನೆ ಮೂಸ್ತೀಯಾ, ನಿನ್ನ ಮನೇದು ಗೊತ್ತಾಗಲ್ವಾ?” ಎಂದಳು.

“ಮೊದಲು ಅವಳ ಮೇಲೇ ರೇಗಿದೆ. ಬಂದೋಳು ಬಾಯಿ ಮುಚ್ಕೊಂಡು ಊಟ ಮಾಡಿ ಹೋಗು ಅಂದೆ,” ಎನ್ನುವಾಗ ಅವರ ದನಿ ತಗ್ಗುತ್ತದೆ. “ಅವಳು ಹೋದ್ಮೇಲೆ ಮಂಚ ಎಳೆದೆ. ಮಗು ತಲೆ ಇಡ್ತಿದ್ದ ಕಡೆ ಗೋಡೆ ಕರ್ರಗೆ. ನಾನು ಅದರೊಳಗೇ ಬದುಕ್ತಿದ್ನಲ್ಲ, ಹೇಗೆ ಗೊತ್ತಾಗಬೇಕು? ಎಲ್ಲರ ಮನೇಲೂ ನೆಟ್ಟಗಿರೋ ಮೂಗು ನನ್ನ ಮಗಳ ತಲೆ ಹತ್ರ ಕೈ ಕೊಡ್ತು.”

ಮನೆಯ ಯಜಮಾನ ಬಂದು ನೋಡಿದ್ದೂ ಉಂಟು. ಒಳಗೆ ಬಟ್ಟೆ ಒಣಗಿಸುತ್ತೀರಿ, ಅದಕ್ಕೇ ಬೂಷ್ಟು ಎಂದು ಹೇಳಿ ಹೋಗಿದ್ದೂ ಉಂಟು. ಬಿಸಿಲೇ ಬೀಳದ ಕೋಣೆಯವರು ಬಟ್ಟೆಯನ್ನು ಇನ್ನೆಲ್ಲಿ ಒಣಗಿಸಬೇಕು, ಅವನ ತಲೆಯ ಮೇಲೆಯೇ? ಸೋರುವ ಪೈಪು ಅವನದು, ಗೋಡೆ ಅವನದು, ತಪ್ಪು ಮಾತ್ರ ಉಸಿರು ಕಟ್ಟುವ ಮಗುವಿನ ತಾಯಿಯದು! ಆ ಕೋಣೆ ಬಿಟ್ಟು ಬೇರೆ ಕಡೆ ಹೋದ ಮೇಲೆ ಹುಡುಗಿಯ ಸಿಳ್ಳೆ ತಾನಾಗಿ ನಿಂತಿತು. ಬಿಟ್ಟ ಕೋಣೆಗೆ ಸುಣ್ಣ ಬಳಿದು ಮರುವಾರವೇ ಬೇರೆಯವರನ್ನು ಕೂರಿಸಿದರು.

ಹತ್ತು ಗಂಟೆಗೆ ಗಂಡ ಹೆಂಡತಿ ಮೆಟ್ಟಿಲು ಹತ್ತಿ ಬರುತ್ತಾರೆ. ಹೆಂಡತಿಯ ಹೆಗಲ ಮೇಲೆ ಮಗು ಮಲಗಿದೆ. ಏಜೆಂಟ್ ಮುಂದೆ ಮುಂದೆ ನಗುತ್ತಾ ಬಂದವನು ಬಾಗಿಲಲ್ಲಿ ಗಕ್ಕನೆ ನಿಲ್ಲುತ್ತಾನೆ. ವಾಸನೆ ಅಕ್ಕ ಹಿಂದಿನ ಮೆಟ್ಟಿಲು ಇಳಿದಿಲ್ಲ. ನಡುಮನೆಯಲ್ಲಿ ಎದುರಿಗೇ ಬಕೆಟ್ಟು ಮಗುಚಿ ಹಾಕಿಕೊಂಡು ಅದರ ಮೇಲೆ ಕೂತಿದ್ದಾರೆ. ಬೀರು ಸರಿಸಿದ ಜಾಗದಲ್ಲೇ ಇದೆ, ಸ್ಪ್ರೇ ಡಬ್ಬಿಯ ಮುಚ್ಚಳ ತೆಗೆದಿಲ್ಲ.

“ನೀವು ಯಾರಮ್ಮಾ?” ಎಂದು ಮಗುವಿನ ತಾಯಿ ಕೇಳುತ್ತಾಳೆ.

“ಈ ಮನೆ ವಾಸನೆ ತೆಗೆಯೋಕೆ ಬಂದೋಳು ಕಣಮ್ಮಾ. ಎಲ್ಲಾ ತೆಗೆದೆ, ಒಂದು ಬಿಟ್ಟು. ಅದು ನನ್ನ ಕೈಲಾಗೋದಲ್ಲ. ಬಾ, ನೀನೇ ಗೋಡೆ ಮುಟ್ಟಿ ನೋಡು.”

“ಇವಳ ಮಾತು ಕಟ್ಕೋಬೇಡಿ ಮೇಡಂ, ಇವಳಿಗೆ ತಲೆ ಸರಿಯಿಲ್ಲ,” ಎಂದು ಏಜೆಂಟ್ ಅಡ್ಡ ಬರುತ್ತಾನೆ. ಅಷ್ಟರಲ್ಲಿ ತಾಯಿ ಕೋಣೆಗೆ ಹೋಗಿ, ಗೋಡೆಗೆ ಅಂಗೈ ಇಟ್ಟು, ಕೈ ನೋಡಿಕೊಂಡು ಆಗಿದೆ. ಮಗುವಿನ ಮುಖಕ್ಕೆ ಟವೆಲು ಮುಚ್ಚಿ ಮೆಟ್ಟಿಲಿಳಿಯುತ್ತಾಳೆ. ಗಂಡ ಮಾತ್ರ ಹಿಂದುಳಿದು ಅಕ್ಕನ ಫೋನ್ ನಂಬರು ಕೇಳಿ ಪಡೆಯುತ್ತಾನೆ.

ಆ ಕ್ಷಣಕ್ಕೇ ನಾಲ್ಕೂ ಕಟ್ಟಡಗಳ ಬೀಗದ ಕೈ ಏಜೆಂಟನ ಜೇಬು ಸೇರುತ್ತದೆ. ಬಾಯಿಬಡುಕಿ, ಮನೆಹಾಳಿ ಎಂಬ ಬಿರುದುಗಳು ಬೀದಿಯುದ್ದಕ್ಕೂ ಹಬ್ಬುತ್ತವೆ. ಮನೆ ಹಾಳು ಮಾಡಿದ್ದು ಪೈಪೋ, ಅದನ್ನು ಬೆರಳು ಮಾಡಿ ತೋರಿಸಿದವರೋ? ಆ ಮನೆಯಂತೂ ಖಾಲಿ ಉಳಿಯಲಿಲ್ಲ. ಬೀರು ಮತ್ತೆ ಗೋಡೆಗೆ ಅಂಟಿತು, ಸ್ಪ್ರೇ ಹೊಡೆಯಲು ಬೇರೊಬ್ಬಳು ಸಿಕ್ಕಳು. ಹೊಸದಾಗಿ ಮದುವೆಯಾದ ಜೋಡಿಯೊಂದು ಅಲ್ಲಿ ಸಂಸಾರ ಹೂಡಿದೆ. ಇದನ್ನು ಹೇಳುವಾಗ ಮಾತ್ರ ಅಕ್ಕನ ಕಣ್ಣಲ್ಲಿ ನೀರಾಡುತ್ತದೆ. “ಅವರಿಗೆ ಹೇಳೋಕೆ ಕಾವಲಿನವನು ನನ್ನನ್ನ ಗೇಟೊಳಗೇ ಬಿಡಲ್ಲ. ಅವನದ್ದೂ ಹೊಟ್ಟೆಪಾಡು, ಏನು ಅನ್ನೋದು?”

ಈಗ ದೂರದ ಬಡಾವಣೆಗಳಲ್ಲಿ ಬಿಡಿ ಕೆಲಸ ಹುಡುಕುತ್ತಿದ್ದಾರೆ. ಕೆಲವು ದಿನ ಕೆಲಸವೇ ಇರುವುದಿಲ್ಲ. ಅಂಥದೇ ಒಂದು ಬೆಳಿಗ್ಗೆ ಆ ಮಗುವಿನ ತಾಯಿಯ ಫೋನು ಬರುತ್ತದೆ. ಇನ್ನೊಂದು ಮನೆ ನೋಡಿದ್ದೇವೆ, ಮುಂಗಡ ಕೊಡುವ ಮೊದಲು ನೀವೊಮ್ಮೆ ಬಂದು ನೋಡಬೇಕು, ಏನಾದರೂ ಇದ್ದರೆ ಶುಚಿ ಮಾಡುವ ಕೆಲಸವೂ ನಿಮ್ಮದೇ ಎಂದು ಕೇಳಿಕೊಳ್ಳುತ್ತಾಳೆ.

ಅಕ್ಕ ಬಕೆಟ್ಟು, ಬಟ್ಟೆ, ವಿನೆಗರ್ ಬಾಟಲಿ ಸಮೇತ ಬಸ್ಸು ಹತ್ತಿ ಹೋಗುತ್ತಾರೆ. ಕಪಾಟು ತೆರೆಯುತ್ತಾರೆ, ಗೋಡೆಗಳನ್ನು ಅಂಗೈಯಿಂದ ಸವರುತ್ತಾರೆ, ಬಚ್ಚಲ ಜಾಲರಿ ಎತ್ತಿ ಬಗ್ಗಿ ನೋಡುತ್ತಾರೆ. ದಂಪತಿ ಮಗುವಿನೊಂದಿಗೆ ಹೊರಗೇ ಕಾಯುತ್ತಿದ್ದಾರೆ. ಕೊನೆಗೆ ಅಕ್ಕ ಬಾಗಿಲಿಗೆ ಬಂದು, ತಂದಿದ್ದ ಬಾಟಲಿಯನ್ನು ಚೀಲಕ್ಕೆ ಸೇರಿಸಿ ಹೇಳುತ್ತಾರೆ:

“ಇಲ್ಲಿ ನನಗೇನೂ ಕೆಲಸ ಇಲ್ಲ ಕಣಮ್ಮಾ. ಮಗೂನ ಒಳಗೆ ಕರ್ಕೊಂಡು ಬಾ.”