ಬೆಳ್ಳುಳ್ಳಿ ನಿಷಿದ್ಧವಾದ ಕೋಣೆ

ಚೀನಾದ ಡಾಲಿಯನ್ ಊರಿನವರಿಗೆ ಬೆಳ್ಳುಳ್ಳಿಯಿಲ್ಲದೆ ಕಡುಬು ಗಂಟಲಲ್ಲಿ ಇಳಿಯುವುದಿಲ್ಲ. ಚ್ಯೂ ಯೆನ್‌ಹುವಾಳ ಪ್ರಯೋಗಶಾಲೆಯಲ್ಲಿ ಮಾತ್ರ ಕುಲುಮೆ ಹಚ್ಚಿದ ದಿನ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಡೀಸೆಲ್‌ನಿಂದ ಗಂಧಕ ತೆಗೆಯುವ ನಿಕಲ್ ಫಾಸ್ಫೈಡ್ ಎಂಬ ವೇಗವರ್ಧಕವನ್ನು ಅವಳು ತಯಾರಿಸುತ್ತಿದ್ದಳು. ನಿಕಲ್ ಮತ್ತು ರಂಜಕದ ಲವಣಗಳನ್ನು ಮರಳಿನಂಥ ಪುಡಿಗೆ ಹೀರಿಸಿ, ಒಣಗಿಸಿ, ಜಲಜನಕ ಹರಿಯುವ ನಳಿಗೆಯಲ್ಲಿಟ್ಟು ನಿಧಾನವಾಗಿ ಕಾಯಿಸಬೇಕು. ಆಗ ಒಂದಿಷ್ಟು ರಂಜಕ ವಿಷಾನಿಲವಾಗಿ ಹೊರಡುತ್ತದೆ. ಅದರ ವಾಸನೆ ಬೆಳ್ಳುಳ್ಳಿಯದೇ. ಅನಿಲ ಸೋರಿದರೆ ಬಾರಿಸುವ ಎಚ್ಚರಿಕೆಯ ಗಂಟೆ ಗೋಡೆಯ ಮೇಲಿತ್ತು, ನಿಜ. ಹಿಂದೊಮ್ಮೆ ಅದು ಬಾಯಿಬಿಡದೆ ಕೂತಿದ್ದಾಗ ಅವಳ ಗೆಳತಿಯೊಬ್ಬಳು ಆಸ್ಪತ್ರೆ ಸೇರಿದ್ದಳು.

ನಿವೃತ್ತಿಗೆ ಮುಂಚಿನ ಚಳಿಗಾಲ. ತೈಲ ಕಾರ್ಖಾನೆಯೊಂದು ಅವಳ ಪುಡಿಯನ್ನು ತನ್ನ ಯಂತ್ರದಲ್ಲಿ ಪರೀಕ್ಷಿಸಲು ಒಪ್ಪಿತ್ತು. ಹೊಸ ವರ್ಷದ ರಜೆಗೆ ಮುಂಚೆ ಕಳಿಸದಿದ್ದರೆ ಸರದಿ ಬೇರೆಯವರ ಪಾಲು. ತನ್ನ ಕೈಯ ಪುಡಿ ಕಾರ್ಖಾನೆಯಲ್ಲಿ ದುಡಿಯುವುದನ್ನು ಒಮ್ಮೆ ನೋಡಬೇಕೆಂಬ ಆಸೆ ಅವಳಿಗೆ.

ಕುಲುಮೆ ಕಾವೇರುತ್ತಿದ್ದ ಮಧ್ಯಾಹ್ನ ವಾಸನೆ ಬಂತು. ಗಂಟೆ ಸುಮ್ಮನಿತ್ತು.

"ಟೆಂಗ್, ಬೆಳ್ಳುಳ್ಳಿ ತಿಂದಿದೀಯಾ?"

ಜೊತೆಗೆ ಕೆಲಸ ಮಾಡುತ್ತಿದ್ದ ಟೆಂಗ್ ಮುಖ ತಿರುಗಿಸಿಯೇ ನಕ್ಕ. "ನಿಮ್ಮ ಕೈಕೆಳಗೆ ಸೇರಿದ್ಮೇಲೆ ಅದರ ಬಣ್ಣಾನೇ ಮರೆತುಹೋಗಿದೆ, ಅಕ್ಕಾ."

"ಹಾಗಾದ್ರೆ ವಿಷಾನೇ. ನಡಿ ಆಚೆ."

ಕಾವು ಆರಿಸಿದಳು. ಜಲಜನಕ ನಿಲ್ಲಿಸಿ ಸಾರಜನಕ ಬಿಟ್ಟಳು. ಅರ್ಧ ಬೆಂದ ಪುಡಿ ತಣ್ಣಗಾದರೆ ಮತ್ತೆ ಹದಕ್ಕೆ ಬರುವಂಥದ್ದಲ್ಲ.

ಮೊಗಸಾಲೆಯಲ್ಲಿ ಟೆಂಗ್‌ನ ಮುಖ ಬಿಳಿಚಿತ್ತು. "ಅಕ್ಕಾ, ನಾನೇ. ಅತ್ತೆ ಹಬ್ಬಕ್ಕೆ ಅಂತ ವಿನಿಗರ್‌ನಲ್ಲಿ ಬೆಳ್ಳುಳ್ಳಿ ಹಾಕಿಟ್ಟಿದ್ರು. ಹದ ನೋಡು ಅಂತ ಬಾಯಿಗೇ ತುರುಕಿದ್ರು. ಹುಳೀಲಿ ನೆಂದಿದ್ದು, ನಾರಲ್ಲ ಅಂದ್ಕೊಂಡೆ. ಬನ್ನಿ, ಇನ್ನೂ ಬಿಸಿ ಇದೆ, ಮತ್ತೆ ಹಚ್ಚೋಣ."

"ನಿನ್ನ ಬಾಯಿ ನಾರ್ತಿದೆ, ಸರಿ. ನಳಿಗೆ ಸೋರ್ತಿಲ್ಲ ಅಂತ ನಿಮ್ಮತ್ತೆ ಬರಕೊಡ್ತಾರಾ?"

ಮರುದಿನ ನಳಿಗೆಯ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿದರು. ಎಲ್ಲಿಯೂ ಒಂದು ಗುಳ್ಳೆ ಏಳಲಿಲ್ಲ. ಇನ್ನಷ್ಟು ದಿನ ಕೊಡಿ ಎಂದು ಕೇಳಿದ್ದಕ್ಕೆ ಕಾರ್ಖಾನೆಯವರು ಫೋನಿನಲ್ಲಿ ಸೌಜನ್ಯದಿಂದಲೇ ಆಗುವುದಿಲ್ಲವೆಂದರು. ಟೆಂಗ್ ಕ್ಷಮೆ ಕೇಳಿದ.

"ತಿಂದಿದ್ದಕ್ಕೆ ಬೇಡ. ಸುಳ್ಳು ಹೇಳಿದ್ದಕ್ಕೆ ಕೇಳು."

ಅದಕ್ಕೂ ಕೇಳಿದ. ಮುಂದಿನ ಪುಡಿಯನ್ನು ಅವನ ಕೈಯಿಂದಲೇ ಮಾಡಿಸಿದಳು. ತಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಳು. ವಸಂತದಲ್ಲಿ ನಿವೃತ್ತಳಾದಳು.

ಸರದಿ ಮತ್ತೆ ಬಂದದ್ದು ಬೇಸಿಗೆಯಲ್ಲಿ. ಟೆಂಗ್ ಕರೆದಾಗ ಬರುವುದಿಲ್ಲವೆಂದವಳು ಬಸ್ಸು ಹಿಡಿದು ಹೋಗಿ ಕಾರ್ಖಾನೆಯ ಗೇಟಿನಲ್ಲಿ ನಿಂತಿದ್ದಳು. ಅವನು ಕಾವಲುಗಾರನ ಕೈಕಾಲು ಹಿಡಿದು ಅವಳನ್ನು ಒಳಗೆ ಕರೆದೊಯ್ದ.

"ಗಂಧಕ ಇಳೀತಿದೆ, ಅಕ್ಕಾ. ಇದರೊಳಗೇ ಇದೆ ನಮ್ಮ ಪುಡಿ."

ನೋಡಲು ಅಲ್ಲಿ ಏನೂ ಇರಲಿಲ್ಲ. ಕಾವು ಆರದಂತೆ ಹೊದಿಕೆ ಸುತ್ತಿದ ಒಂದು ಉಕ್ಕಿನ ಕೊಳವೆ. ಪಾಳಿ ಬದಲಾಗುವವರೆಗೂ ಯೆನ್‌ಹುವಾ ಅದರ ಮುಂದೆಯೇ ನಿಂತಿದ್ದಳು.