ದೊಡ್ಡಸಿದ್ದಯ್ಯ ಕಾಯಿಸಲು ಹೊರಟ ಡೋಲು

ಸೂರ್ಯ ಮೂಡುವ ಮೊದಲೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಭತ್ತದ ತಾಕುಗಳಲ್ಲಿ ಡಬ್ಬದ ಸದ್ದು ಏಳುತ್ತದೆ. ಹಾಲುಗಾಳಿನ ತೆನೆಗೆ ಎರಗುವ ಹಕ್ಕಿಗಳನ್ನು ಓಡಿಸುವುದು ಹೊಳಲು ಗ್ರಾಮದ ದೊಡ್ಡಸಿದ್ದಯ್ಯನವರ ಕೆಲಸ. ಹೊಸ ತಳಿ ಬಂದಾಗ ಕಂಡುಹಿಡಿದವರ ಹೆಸರು ಪತ್ರಿಕೆಗೆ ಬರುತ್ತದೆ. ಕಾಳು ಹಕ್ಕಿಯ ಹೊಟ್ಟೆ ಸೇರದಂತೆ ಕಾದವರನ್ನು ಯಾರು ಕೇಳುತ್ತಾರೆ? ದಿನಗೂಲಿಯ ಜೊತೆಗೆ ಬಿಸಿಲು ಪುಕ್ಕಟೆ. ಹಕ್ಕಿಗೆ ಸದ್ದಾದರೆ ಸಾಕು, ಆದರೆ ದೊಡ್ಡಸಿದ್ದಯ್ಯನವರ ಕೈ ತಾನಾಗಿ ತಮಟೆಯ ತಾಳದ ಗತ್ತು ಹಿಡಿಯುತ್ತದೆ. ಕಳೆ ಕೀಳುವ ಹೆಂಗಸರು ನಕ್ಕರೆ, ಕಳ್ಳತನದಲ್ಲಿ ಸಿಕ್ಕಿಬಿದ್ದಂತೆ ನಿಲ್ಲಿಸುತ್ತಾರೆ.

ಅವರ ಅಪ್ಪ ಪುಟ್ಟಮಾದಯ್ಯ ಸುತ್ತಲ ಊರಿಗೆಲ್ಲ ಬೇಕಾದ ತಮಟೆಗಾರ. ಹೆಣದ ಮುಂದೆ, ದೇವರ ಮುಂದೆ, ಕರೆದಲ್ಲೆಲ್ಲ ಹೋಗಲೇಬೇಕು; ಊಟ ಮಾತ್ರ ಎಲ್ಲರದೂ ಆದ ಮೇಲೆ, ಜಗಲಿಯ ಆಚೆ. ಮನೆಯವರು ಬೌದ್ಧರಾದ ದಿನ ಅವರು ತಮಟೆಯನ್ನು ಒಲೆಗೆ ಹಾಕಿ, ಇನ್ನು ಚರ್ಮದ ವಾದ್ಯ ಮುಟ್ಟುವುದಿಲ್ಲವೆಂದು ಮಗನಿಂದಲೂ ಆಣೆ ಮಾಡಿಸಿದರು.

ಆಣೆ ಭದ್ರವಾಗಿಯೇ ಇತ್ತು. ಕಳೆದ ವರ್ಷ ಬುದ್ಧವಿಹಾರದವರು ದೊಡ್ಡಸಿದ್ದಯ್ಯನವರನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋದದ್ದೇ ಫಜೀತಿಯಾಯಿತು. ಅಲ್ಲಿಯ ಹಳ್ಳಿಯೊಂದರಲ್ಲಿ ಬುದ್ಧನ ಮೆರವಣಿಗೆ. ಆನೆ ಸಿಂಗಾರವಾಗಿದೆ, ಬಿಳಿ ಬಟ್ಟೆಯ ಹೆಂಗಸರು ಹೂ ಹಿಡಿದು ನಿಂತಿದ್ದಾರೆ, ಎಲ್ಲರಿಗಿಂತ ಮುಂದೆ ಸಾಲಾಗಿ ಡೋಲುಗಳು! ದೊಡ್ಡಸಿದ್ದಯ್ಯ ಕಕ್ಕಾಬಿಕ್ಕಿ. ಬುದ್ಧನ ಕೈಹಿಡಿಯಲು ಅಪ್ಪ ಸುಟ್ಟದ್ದು, ಇಲ್ಲಿ ಬುದ್ಧನ ಮುಂದೆಯೇ ಹೇಗೆ ಬಂತು?

ಅದಕ್ಕಿಂತ ದೊಡ್ಡ ಚಿಂತೆ, ಎಲ್ಲೂ ಬೆಂಕಿ ಕಾಣಲಿಲ್ಲ. ಬೆಂಕಿಗೆ ಕಾಯಿಸಿ ಚರ್ಮ ಬಿಗಿ ಮಾಡದ ತಮಟೆ ನುಡಿಯುವುದಿಲ್ಲ. ಪಾಪ, ಗಡಿಬಿಡಿಯಲ್ಲಿ ಮರೆತಿದ್ದಾರೆ ಎಂದುಕೊಂಡು ತೆಂಗಿನ ಗರಿ ಗುಡ್ಡೆ ಹಾಕಿ, ಕಡ್ಡಿ ಗೀರಿ, ಒಂದು ಡೋಲನ್ನು ಹೊತ್ತು ತಂದೇಬಿಟ್ಟರು. ಜನ ಹೋ ಎಂದು ಓಡಿಬಂದರು. ಹಿರಿಯ ಡೋಲುಗಾರನೊಬ್ಬ ಮಾತ್ರ ನಕ್ಕು, ಇದಕ್ಕೆ ಬೆಂಕಿ ಬೇಡವೆಂಬಂತೆ ಪಕ್ಕದ ಹುರಿ ಬಿಗಿದು ತೋರಿಸಿದ. ಇವನೂ ನಮ್ಮವನೇ ಎಂದು ತಿಳಿದು ಡೋಲನ್ನು ಅವರ ಕೊರಳಿಗೇ ಹಾಕಿದ.

“ಆಗ್ಲೇ ಗ್ಯಾನ ಬಂದಿದ್ದು, ಮುಟ್ಬುಟ್ಟಿವ್ನಿ ಅಂತ. ತೆಗ್ಯಾಕೂ ಕೈ ಏಳ್ನಿಲ್ಲ, ಬಾರ್ಸಾಕೂ ಏಳ್ನಿಲ್ಲ” ಎನ್ನುತ್ತಾರೆ ದೊಡ್ಡಸಿದ್ದಯ್ಯ.

ಮೆರವಣಿಗೆ ಮುಗಿಯುವವರೆಗೆ ಡೋಲು ಹೊತ್ತು, ಒಂದು ಪೆಟ್ಟೂ ಹಾಕದೆ ನಡೆದರು. ಆಮೇಲೆ ಡೋಲಿನವರಿಗೆ ಊಟ ಎಲ್ಲಿ ಎಂದು ನೋಡಲು ಕಾದರು. ಪಂಕ್ತಿಯಲ್ಲೇ ಕೂರಿಸಿದರು, ಆದರೆ ತುದಿಯಲ್ಲಿ. ತಡವಾಗಿ ಬಂದದ್ದಕ್ಕೋ, ಬೇರೆ ಕಾರಣಕ್ಕೋ? ಭಾಷೆ ಬಾರದೆ ಕೇಳಲಾಗಲಿಲ್ಲ. ಆ ಅನುಮಾನ ಇಂದಿಗೂ ಅವರ ನಿದ್ದೆ ಕೆಡಿಸುತ್ತದೆ.

ಈಗ ಬುದ್ಧಪೂರ್ಣಿಮೆ ಹತ್ತಿರ ಬಂದಿದೆ. ವಿಹಾರದ ಕೆಂಪರಾಜು ಹೊಸ ತಮಟೆ ತಂದಿಟ್ಟು, ಬುದ್ಧನ ಮೆರವಣಿಗೆಗೆ ನೀವೇ ಬಾರಿಸಬೇಕೆಂದು ದುಂಬಾಲು ಬಿದ್ದಿದ್ದಾರೆ. ಹೆಂಡತಿ ಚಲುವಮ್ಮ ಸುತರಾಂ ಒಪ್ಪುತ್ತಿಲ್ಲ. “ಇವತ್ತು ಬುದ್ಧನ ಮುಂದೆ ಸದ್ದು ಕೇಳ್ಸುದ್ರೆ, ನಾಳೀಕೆ ಎಣದ ಮುಂದಕ್ಕೆ ಬಾರ್ಲಾ ಅಂತ ಕರೀತಾರೆ” ಎನ್ನುತ್ತಾರೆ. ಅವರ ಭಯ ಸುಳ್ಳಲ್ಲ.

ಬಾರಿಸುತ್ತೀರಾ ಎಂದರೆ ದೊಡ್ಡಸಿದ್ದಯ್ಯ ಒಮ್ಮೆ ಹೂಂ ಎನ್ನುತ್ತಾರೆ, ಒಮ್ಮೆ ಅಪ್ಪನ ಆಣೆ ಎನ್ನುತ್ತಾರೆ. ಕೊನೆಗೆ ಹೆಂಡತಿಯ ಕಡೆ ತಿರುಗುತ್ತಾರೆ.

“ಕರೀಲಿ ಬುಡಮ್ಮಿ. ನಮ್ಮಪ್ಪಂಗೆ ‘ನಾ ಬರಾಕಿಲ್ಲ’ ಅನ್ನೋ ಬಾಯಿರ್ನಿಲ್ಲ, ಅದ್ಕೆ ತಮಟೇನೆ ಸುಟ್ಟ. ನಂಗೆ ಬಾಯಿ ಅದೆ.”